ಸ್ಟೀಲ್‌ಹೆಡ್‌ಗೆ ಒಂದೇ ಸೆಟ್ ಸಾಕು: ಫ್ಲೈ ರಾಡ್, ರೀಲ್, ಲೈನ್ ಆರಿಸುವ ಬಗೆ

ಫ್ಲೈ ಫಿಶಿಂಗ್ ಅಂಗಡಿಗೆ ಹೋದವರು ಮೊದಲು ರಾಡ್ ಕೈಗೆತ್ತಿಕೊಳ್ಳುತ್ತಾರೆ. ಆಮೇಲೆ ಅದಕ್ಕೊಂದು ಚೆಂದದ ರೀಲ್. ಕೊನೆಗೆ, ದುಡ್ಡು ಉಳಿದರೆ, ಲೈನ್. ಸ್ಟೀಲ್‌ಹೆಡ್ ಮೀನಿನ ವಿಷಯದಲ್ಲಿ ಇದನ್ನು ಪೂರ್ತಿ ತಿರುಗಿಸಿ ಮಾಡಬೇಕು. ಮೊದಲು ನಿಮ್ಮ ಹೊಳೆ ಯಾವುದು ಅಂತ ನೋಡಿ. ಆ ಹೊಳೆಯಲ್ಲಿ ಫ್ಲೈ (ಕೊಕ್ಕೆಗೆ ಗರಿ, ದಾರ ಕಟ್ಟಿ ಮಾಡಿದ ಹುಸಿ ಹುಳು) ಎಷ್ಟು ಆಳಕ್ಕೆ ಇಳಿಯಬೇಕು ಅಂತ ತಿಳಿಯಿರಿ. ಅದನ್ನು ಅಲ್ಲಿಗೆ ಒಯ್ಯುವ ಲೈನ್ ಆರಿಸಿ. ಆ ಲೈನನ್ನು ಬೀಸಬಲ್ಲ ರಾಡ್ ಹುಡುಕಿ. ಇದಿಷ್ಟನ್ನೂ ತುಂಬಿಕೊಳ್ಳುವ ರೀಲ್ ಕೊನೆಗೆ ಕೊಳ್ಳಿ. ಹೀಗೆ ಹೋದರೆ ಒಂದೇ ರಾಡ್, ಒಂದೇ ರೀಲ್‌ನಲ್ಲಿ ಬೇಸಿಗೆಯೂ ಚಳಿಗಾಲವೂ ನಡೆಯುತ್ತದೆ.

ಸಿಯಾಟಲ್, ಪೋರ್ಟ್‌ಲ್ಯಾಂಡ್, ವ್ಯಾಂಕೂವರ್ ಕಡೆ ಈಗ ಸಾಕಷ್ಟು ಕನ್ನಡಿಗರಿದ್ದೇವೆ. ಮನೆಯಿಂದ ಒಂದೆರಡು ಗಂಟೆ ಕಾರಿನಲ್ಲಿ ಹೋದರೆ ಜಗತ್ತಿನ ಒಳ್ಳೆಯ ಸ್ಟೀಲ್‌ಹೆಡ್ ಹೊಳೆಗಳು ಸಿಗುತ್ತವೆ. ಆದರೆ ಇದರ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮೀನಿನ ಬಗ್ಗೆ ನಾಲ್ಕು ಮಾತು

ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್. ನೀಲಗಿರಿಯ ತೊರೆಗಳಲ್ಲಿ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಟ್ರೌಟ್ ಇದೆಯಲ್ಲ, ಅದೇ ಜಾತಿ. ಹೊಳೆಯಲ್ಲಿ ಹುಟ್ಟುತ್ತದೆ, ಒಂದರಿಂದ ಮೂರು ವರ್ಷ ಅಲ್ಲೇ ಬೆಳೆಯುತ್ತದೆ, ಪೆಸಿಫಿಕ್ ಸಾಗರಕ್ಕೆ ಇಳಿದು ದಷ್ಟಪುಷ್ಟವಾಗಿ ಮೊಟ್ಟೆಯಿಡಲು ಮರಳುತ್ತದೆ. ಸಾಮಾನ್ಯವಾಗಿ 5ರಿಂದ 12 ಪೌಂಡ್ ತೂಗುತ್ತದೆ. ಬ್ರಿಟಿಷ್ ಕೊಲಂಬಿಯಾದ ಸ್ಕೀನಾ ನದಿಯ ಕಡೆ 20 ಪೌಂಡ್ ದಾಟಿದ ಮೀನೂ ಸಿಗುತ್ತದೆ. ಪೆಸಿಫಿಕ್‌ನ ಸಾಲ್ಮನ್ ಒಮ್ಮೆ ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಮತ್ತೆ ಸಮುದ್ರಕ್ಕೆ ಹೋಗುತ್ತವೆ.

ಹೊಳೆಗೆ ಮರಳಿದ ಮೀನು ಹೊಟ್ಟೆಗಾಗಿ ಹೆಚ್ಚು ಓಡಾಡುವುದಿಲ್ಲ. ಹಾಗಾಗಿ ಹುಳು ಎಲ್ಲಿ ಏಳುತ್ತಿದೆ ಅಂತ ನೋಡಿ ಅಲ್ಲಿಗೆ ಬೀಸುವ ಆಟ ಇಲ್ಲಿಲ್ಲ. ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಬೀಸಬೇಕು. ಸೆಳವು ಲೈನನ್ನು ನಿಧಾನವಾಗಿ ದಡದ ಕಡೆ ತಿರುಗಿಸುತ್ತದೆ. ಇದಕ್ಕೆ ಸ್ವಿಂಗ್ ಅನ್ನುತ್ತಾರೆ. ಆಮೇಲೆ ಎರಡು ಹೆಜ್ಜೆ ಕೆಳಗೆ ಇಳಿದು ಮತ್ತೆ ಬೀಸಬೇಕು. ಬೆಳಗಿನಿಂದ ಸಂಜೆವರೆಗೆ ಇದೇ ಕೆಲಸ. ಇದರಿಂದ ಸಲಕರಣೆಗೆ ಎರಡು ಪರೀಕ್ಷೆ ಸಿಗುತ್ತವೆ: ಇಡೀ ದಿನ ಬೀಸಿದರೂ ತೋಳು ಸೋಲಬಾರದು, ಮತ್ತು ಮೀನು ಸೆಳವಿನ ಜೊತೆ ಕೆಳಗೆ ಓಡಿದಾಗ ಅದನ್ನು ತಡೆಯಬಲ್ಲ ತಾಕತ್ತು ಇರಬೇಕು.

ಹಂತ 1: ಹೊಳೆಯನ್ನು ಅಳೆಯಿರಿ

ನೀವು ಜಾಸ್ತಿ ಹೋಗುವ ಹೊಳೆ ಯಾವುದು ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ಕನಸಿನ ಹೊಳೆ ಬೇರೆ, ಶನಿವಾರ ಬೆಳಿಗ್ಗೆ ಹೋಗುವ ಹೊಳೆ ಬೇರೆ.

ವಾಷಿಂಗ್ಟನ್‌ನ ಸ್ಕ್ಯಾಜಿಟ್, ಸಾಕ್, ಸ್ಕೈಕೋಮಿಷ್, ಐಡಾಹೋದ ಕ್ಲಿಯರ್‌ವಾಟರ್, ಬ್ರಿಟಿಷ್ ಕೊಲಂಬಿಯಾದ ಸ್ಕೀನಾ, ಬಲ್ಕ್ಲಿ ಇವೆಲ್ಲ ಅಗಲವಾದ ಹೊಳೆಗಳು. ದಡದಲ್ಲಿ ಮರಗಳು ಒತ್ತಾಗಿರುತ್ತವೆ, ಹಿಂದಕ್ಕೆ ಲೈನ್ ಬೀಸಲು ಜಾಗ ಇರುವುದಿಲ್ಲ. ಇಲ್ಲಿ ಎರಡು ಕೈಯಲ್ಲಿ ಹಿಡಿಯುವ ಸ್ಪೇ ರಾಡ್ ಬೇಕೇ ಬೇಕು. ಸ್ಕಾಟ್ಲೆಂಡಿನ ಸ್ಪೇ ನದಿಯ ದಡದಲ್ಲೂ ಇದೇ ತೊಂದರೆ ಇತ್ತು. ಲೈನನ್ನು ಹಿಂದಕ್ಕೆ ಪೂರ್ತಿ ಹಾರಿಸದೆ, ನೀರಿನ ಮೇಲೆ ಒಂದು ತುದಿ ಊರಿಸಿ, ಪಕ್ಕದಲ್ಲಿ ಸುತ್ತು ಮಾಡಿ ಮುಂದಕ್ಕೆ ಎಸೆಯುವ ಸ್ಪೇ ಕಾಸ್ಟಿಂಗ್ ಹುಟ್ಟಿದ್ದು ಅಲ್ಲೇ.

ಆರಿಗನ್‌ನ ಡಿಶೂಟ್ಸ್, ನಾರ್ತ್ ಅಂಪ್ಕ್ವಾ, ಗ್ರಾಂಡ್ ರೋಂಡ್, ಒಲಿಂಪಿಕ್ ಪೆನಿನ್ಸುಲಾದ ಹೋ, ಸೋಲ್ ಡಕ್ ಮಧ್ಯಮ ಗಾತ್ರದವು. ಇಲ್ಲೂ ಎರಡು ಕೈಯ ರಾಡ್ ಸುಖ.

ಗ್ರೇಟ್ ಲೇಕ್ಸ್ ಕಡೆ ಕಥೆ ಬೇರೆ. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮೀನನ್ನು ಮಿಶಿಗನ್‌ಗೆ ಒಯ್ದು ಬಿಟ್ಟರು. ಅಲ್ಲಿ ಸಮುದ್ರದ ಬದಲು ದೊಡ್ಡ ಸರೋವರವೇ ಮೀನಿನ ಮೇವಿನ ಜಾಗ. ಈರಿ ಸರೋವರಕ್ಕೆ ಸೇರುವ ಓಹಾಯೋ, ಪೆನ್ಸಿಲ್ವೇನಿಯಾದ ಹೊಳೆಗಳು ಚಿಕ್ಕವು. ಕೆಲವು ಕಡೆ ಆ ದಡದವರ ಜೊತೆ ಮಾತಾಡುತ್ತಲೇ ಮೀನು ಹಿಡಿಯಬಹುದು, ಅಷ್ಟು ಕಿರಿದು. ಇಲ್ಲಿ 13 ಅಡಿಯ ಕೋಲು ಸುಮ್ನೆ ಭಾರ. 10 ಅಡಿಯ ಒಂದು ಕೈಯ ರಾಡ್ ಅಥವಾ 11 ಅಡಿಯ ಸ್ವಿಚ್ ರಾಡ್ (ಗಿಡ್ಡದಾದ ಎರಡು ಕೈಯ ರಾಡ್) ಸಾಕು.

ಹಂತ 2: ಆಳ ಮತ್ತು ನೀರಿನ ತಣುಪು

ಬೇಸಿಗೆಯಲ್ಲಿ ಮರಳುವ ಮೀನು ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹೊಳೆಗೆ ಬರುತ್ತದೆ. ಚಳಿಗಾಲದ್ದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಈ ಎರಡು ಕಾಲಕ್ಕೆ ಬೇರೆ ಬೇರೆ ರಾಡ್ ಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಬದಲಾಗಬೇಕಾದದ್ದು ಲೈನಿನ ತುದಿ ಮಾತ್ರ.

ನೀರು 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಮೀನು ಚುರುಕಾಗಿರುತ್ತದೆ. ಮೇಲೆ ತೇಲುವ ಅಥವಾ ಒಂದಡಿ ಆಳದಲ್ಲಿ ಹೋಗುವ ಸಣ್ಣ ಫ್ಲೈಗೂ ಎದ್ದು ಬರುತ್ತದೆ. ಗ್ರೀನ್ ಬಟ್ ಸ್ಕಂಕ್, ಮಡ್ಲರ್ ಥರದ ಹಗುರ ಫ್ಲೈ ಆಗ ನಡೆಯುತ್ತದೆ. ನೀರು 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮೀನು ತಳಕ್ಕೆ ಅಂಟಿಕೊಳ್ಳುತ್ತದೆ. ಆಗ ಫ್ಲೈ ಅದರ ಮೂಗಿನ ಹತ್ತಿರ, ನಿಧಾನವಾಗಿ ಹೋಗಬೇಕು. ಇಂಟ್ರೂಡರ್ ಥರದ ಮೂರು ನಾಲ್ಕು ಇಂಚಿನ ದೊಡ್ಡ ಫ್ಲೈ ಬೇಕು, ಅದನ್ನು ಇಳಿಸುವ ಮುಳುಗು ತುದಿ ಬೇಕು. ಇಂಥದ್ದು ಒದ್ದೆಯಾದಾಗ ಹಗುರ ಟ್ರೌಟ್ ಲೈನಿಗೆ ಜಗ್ಗುವುದೇ ಇಲ್ಲ.

ಹಂತ 3: ಲೈನ್

ಇಲ್ಲಿ ನಿಧಾನವಾಗಿ ಓದಿ. ಇಡೀ ಸೆಟ್‌ನ ಜೀವ ಇರುವುದು ಇಲ್ಲೇ.

ಫ್ಲೈ ಫಿಶಿಂಗ್‌ನಲ್ಲಿ ನೀವು ಎಸೆಯುವುದು ಫ್ಲೈಯನ್ನಲ್ಲ, ಲೈನನ್ನು. ಅದರ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಗ್ರಾಂ ಅಂದರೆ 15.43 ಗ್ರೇನ್. ರಾಡ್, ಲೈನ್‌ಗಳ ತಾಕತ್ತಿನ ನಂಬರ್‌ಗೆ ವೇಟ್ ಅನ್ನುತ್ತಾರೆ. ಒಂದು ಕೈಯ ರಾಡ್‌ಗೆ ಹಳೆಯ ಲೆಕ್ಕ ಹೀಗಿದೆ: ಲೈನಿನ ಮೊದಲ 30 ಅಡಿ 7 ವೇಟ್ ಆದರೆ 185 ಗ್ರೇನ್, 8 ವೇಟ್ ಆದರೆ 210 ಗ್ರೇನ್. ಈಗಿನ ಕಂಪನಿಗಳು ಇದಕ್ಕಿಂತ ಭಾರವಾಗಿಯೇ ಮಾಡುತ್ತವೆ. ಎರಡು ಕೈಯ ರಾಡ್‌ಗೆ ಈ ಲೆಕ್ಕ ಹೊಂದುವುದಿಲ್ಲ. 7 ವೇಟ್‌ನ ಸ್ಪೇ ರಾಡ್ 500 ಗ್ರೇನ್ ಸುತ್ತಮುತ್ತ ಎತ್ತುತ್ತದೆ. ತಾಕತ್ತಿನಲ್ಲಿ ಅದು 9 ಅಥವಾ 10 ವೇಟ್‌ನ ಒಂದು ಕೈಯ ರಾಡ್‌ಗೆ ಸಮ. ಹೆಸರಿನ ನಂಬರ್ ಒಂದೇ ಅಂತ ಒಂದು ಕೈಯ 7 ವೇಟ್ ಲೈನ್ ತಂದು ಸ್ಪೇ ರಾಡ್‌ಗೆ ಹಾಕಿದರೆ ರಾಡ್ ಬಾಗುವುದೇ ಇಲ್ಲ.

ಸ್ಪೇ ಲೈನ್ ಒಂದೇ ದಾರ ಅಲ್ಲ, ತುಂಡು ತುಂಡಾಗಿ ಜೋಡಿಸಿದ್ದು. ರೀಲಿನ ಒಳಗಿಂದ ಹೊರಗೆ ಬಂದರೆ ಮೊದಲು ಬ್ಯಾಕಿಂಗ್ (ಮೀನು ದೂರ ಓಡಿದಾಗ ಬಿಟ್ಟುಕೊಡುವ ಹೆಚ್ಚುವರಿ ದಾರ), ಆಮೇಲೆ ತೆಳ್ಳಗಿನ ರನ್ನಿಂಗ್ ಲೈನ್, ಆಮೇಲೆ ದಪ್ಪನೆಯ ಹೆಡ್, ಅದರ ಮುಂದೆ ಟಿಪ್, ಕೊನೆಗೆ ಲೀಡರ್ (ಫ್ಲೈ ಕಟ್ಟುವ ಸಪೂರ ದಾರ) ಮತ್ತು ಫ್ಲೈ. ಪ್ರತಿ ತುಂಡಿನ ತುದಿಯಲ್ಲೂ ಕುಣಿಕೆ ಇರುತ್ತದೆ. ಕುಣಿಕೆಗೆ ಕುಣಿಕೆ ಸೇರಿಸಿ ಬೇಕಾದ್ದನ್ನು ಬದಲಿಸಬಹುದು. ಒಂದೇ ರಾಡ್‌ನಲ್ಲಿ ಎಲ್ಲ ಕಾಲ ನಡೆಸುವ ಗುಟ್ಟು ಈ ಕುಣಿಕೆಗಳಲ್ಲೇ ಇದೆ.

ಹೆಡ್‌ನಲ್ಲಿ ಎರಡು ಮುಖ್ಯ ಬಗೆ. ಒಂದು ಸ್ಕ್ಯಾಜಿಟ್. ಹೆಸರು ಬಂದದ್ದು ವಾಷಿಂಗ್ಟನ್‌ನ ಸ್ಕ್ಯಾಜಿಟ್ ನದಿಯಿಂದಲೇ. 1990ರ ದಶಕದಲ್ಲಿ ಎಡ್ ವಾರ್ಡ್, ಮೈಕ್ ಕಿನ್ನಿ, ಸ್ಕಾಟ್ ಓಡಾನಲ್ ಮುಂತಾದವರು ಈ ಕಡೆಯ ಹೊಳೆಗಳಲ್ಲಿ ದೊಡ್ಡ ಚಳಿಗಾಲದ ಫ್ಲೈ ಎಸೆಯಲು ಇದನ್ನು ಬೆಳೆಸಿದರು. ಹೆಡ್ ಗಿಡ್ಡ, ದಪ್ಪ. ಸಾಮಾನ್ಯವಾಗಿ 20ರಿಂದ 25 ಅಡಿ. ನೀರಿನ ಮೇಲೆ ಸ್ವಲ್ಪ ಹೊತ್ತು ಊರಿ ನಿಂತು, ನೀರಿನ ಹಿಡಿತದಲ್ಲೇ ರಾಡನ್ನು ಬಾಗಿಸಿ, ಮುಂದಕ್ಕೆ ಹಾರುತ್ತದೆ. ಭಾರದ ಮುಳುಗು ತುದಿ, ಒದ್ದೆಯಾದ ದೊಡ್ಡ ಫ್ಲೈ ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಕಲಿಯುವವರಿಗೂ ಸುಲಭ, ಯಾಕೆಂದರೆ ಸಮಯ ಸ್ವಲ್ಪ ಆಚೀಚೆ ಆದರೂ ಕ್ಷಮಿಸುತ್ತದೆ.

ಇನ್ನೊಂದು ಸ್ಕ್ಯಾಂಡಿ. ಸ್ವೀಡನ್‌ನ ಗೋರಾನ್ ಆಂಡರ್ಸನ್ ಈ ಶೈಲಿಯ ಹಿರಿಯ. ಹೆಡ್ ಉದ್ದ, 30ರಿಂದ 40 ಅಡಿ, ಮುಂದಕ್ಕೆ ಸಪೂರ. ನೀರಿಗೆ ಮೃದುವಾಗಿ ಬೀಳುತ್ತದೆ. ಬೇಸಿಗೆಯ ತೆಳು ನೀರಿನಲ್ಲಿ, ಸಣ್ಣ ಫ್ಲೈ, ಉದ್ದ ಲೀಡರ್ ಜೊತೆ ಇದನ್ನು ಬೀಸುವುದು ತುಂಬಾ ಹಿತ. ಆದರೆ ಭಾರದ ಮುಳುಗು ತುದಿಯನ್ನು ಇದು ಹೊರಲಾರದು. ಒಂದೇ ರಾಡ್‌ಗೆ ಸ್ಕ್ಯಾಂಡಿ ಹೆಡ್ ಸ್ಕ್ಯಾಜಿಟ್‌ಗಿಂತ ಸುಮಾರು 50 ಗ್ರೇನ್ ಹಗುರ ಇರಬೇಕು.

ಒಂದೇ ಕೊಳ್ಳುವುದಾದರೆ ಯಾವುದು? ಸ್ಕ್ಯಾಜಿಟ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಸ್ಕ್ಯಾಜಿಟ್ ಹೆಡ್‌ಗೆ 10 ಅಡಿಯ ತೇಲುವ ಟಿಪ್ ಸಿಕ್ಕಿಸಿ, 9 ಅಡಿಯ ಲೀಡರ್ ಕಟ್ಟಿದರೆ ಬೇಸಿಗೆಯ ಕೆಲಸ ಮುಗಿಯಿತು. ಸ್ಕ್ಯಾಂಡಿಯಷ್ಟು ನಾಜೂಕಾಗಿ ಬೀಳುವುದಿಲ್ಲ, ನಿಜ. ಆದರೆ ಮೀನು ಬರುತ್ತದೆ. ಸ್ಕ್ಯಾಂಡಿಗೆ ಭಾರದ ಟಿಪ್ ಹಾಕಿ ಚಳಿಗಾಲ ನಡೆಸುವುದು ಮಾತ್ರ ಆಗದ ಕೆಲಸ. ಕೈ ಪಳಗಿದ ಮೇಲೆ, ಎರಡನೇ ವರ್ಷ ಸ್ಕ್ಯಾಂಡಿ ಹೆಡ್ ತಂದುಕೊಂಡರೆ ಆಯಿತು. ರಾಡ್, ರೀಲ್ ಹಾಗೇ ಇರುತ್ತವೆ.

ಒಂದು ವಿಷಯ ತಲೆಯಲ್ಲಿರಲಿ. ಸ್ಕ್ಯಾಜಿಟ್ ಹೆಡ್ಡನ್ನು ಟಿಪ್ ಇಲ್ಲದೆ ಬೀಸಬಾರದು. ಮುಂದೆ ಊರಿ ನಿಲ್ಲುವುದಕ್ಕೆ ಏನೂ ಇಲ್ಲದಿದ್ದರೆ ಲೈನ್ ನೀರಿನಿಂದ ಕಿತ್ತು ಹಿಂದಕ್ಕೆ ಹಾರುತ್ತದೆ. ಡಬ್ಬದ ಮೇಲೆ ಬರೆದ ಗ್ರೇನ್ ಹೆಡ್‌ನದು ಮಾತ್ರ, ಟಿಪ್ ಲೆಕ್ಕಕ್ಕೆ ಸೇರಿಲ್ಲ. ಅದನ್ನು ನೀವೂ ಸೇರಿಸಿ ಲೆಕ್ಕ ಹಾಕಬೇಡಿ.

ಟಿಪ್‌ಗಳ ಹೆಸರಿನಲ್ಲೇ ತೂಕ ಇದೆ. ಟಿ-8 ಅಂದರೆ ಅಡಿಗೆ 8 ಗ್ರೇನ್, ಟಿ-11 ಅಂದರೆ 11, ಟಿ-14 ಅಂದರೆ 14. ನಂಬರ್ ಜಾಸ್ತಿ ಆದಷ್ಟೂ ಬೇಗ ಮುಳುಗುತ್ತದೆ. 7 ವೇಟ್‌ಗೆ 10 ಅಡಿಯ ಮೂರು ಟಿಪ್ ಸಾಕು: ಒಂದು ತೇಲುವುದು, ಒಂದು ಟಿ-8, ಒಂದು ಟಿ-11. ತುಂಬಾ ಆಳ, ರಭಸದ ಮಡುಗಳಿಗೆ ಹೋಗುವವರು ಟಿ-14 ಸೇರಿಸಿಕೊಳ್ಳಿ. ತಳಕ್ಕೆ ಸಿಕ್ಕಿಕೊಳ್ಳುತ್ತಲೇ ಇದ್ದರೆ ಟಿಪ್ ಹಗುರ ಮಾಡಿ. ಒಮ್ಮೆಯೂ ಕಲ್ಲು ತಾಗದಿದ್ದರೆ ಭಾರ ಮಾಡುವ ಮೊದಲು ಬೀಸುವ ಕೋನ ಬದಲಿಸಿ ನೋಡಿ. ಇನ್ನಷ್ಟು ಅಡ್ಡಕ್ಕೆ ಬೀಸಿ ಲೈನನ್ನು ಮೇಲ್ಮುಖಕ್ಕೆ ಎತ್ತಿ ಹಾಕಿದರೆ ಫ್ಲೈಗೆ ಇಳಿಯಲು ಸಮಯ ಸಿಗುತ್ತದೆ.

ರನ್ನಿಂಗ್ ಲೈನ್ ಎರಡು ಥರ. ನೈಲಾನ್ ಮಾನೋ ಜಾರಿಕೊಂಡು ದೂರ ಹೋಗುತ್ತದೆ, ಆದರೆ ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಸಿಗುವುದಿಲ್ಲ, ಸುರುಳಿ ಬೇರೆ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಬೀಸುವ ಮೊದಲು ಅದನ್ನು ಮಾರು ಮಾರಾಗಿ ಎಳೆದು ಸರಿಮಾಡಬೇಕು. ಪ್ಲಾಸ್ಟಿಕ್ ಲೇಪನದ ರನ್ನಿಂಗ್ ಲೈನ್ ಸ್ವಲ್ಪ ಕಡಿಮೆ ದೂರ ಹೋಗುತ್ತದೆ, ಹಿಡಿಯಲು ಚೆನ್ನಾಗಿರುತ್ತದೆ. ಮೊದಲ ಸೆಟ್‌ಗೆ ಲೇಪನದ್ದೇ ಇರಲಿ. 100 ಅಡಿ ಉದ್ದ, 30 ಪೌಂಡ್ ಎಳೆತ ತಡೆಯುವಷ್ಟು ಅಥವಾ ಅದಕ್ಕಿಂತ ಗಟ್ಟಿ.

ಲೀಡರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಳುಗು ಟಿಪ್‌ಗೆ 12 ಪೌಂಡ್‌ನ ಮ್ಯಾಕ್ಸಿಮಾ ಥರದ ಗಟ್ಟಿ ನೈಲಾನ್ ಮೂರು ನಾಲ್ಕು ಅಡಿ ಸಾಕು. ಉದ್ದ ಮಾಡಿದರೆ ಟಿಪ್ ಕೆಳಗೆ, ಫ್ಲೈ ಮೇಲೆ ತೇಲುತ್ತದೆ.

ಹಂತ 4: ರಾಡ್

ಲೈನ್ ಗೊತ್ತಾದ ಮೇಲೆ ರಾಡ್ ಆರಿಸುವುದು ಹಗುರ ಕೆಲಸ. ರಾಡ್‌ನ ಹಿಡಿಕೆಯ ಮೇಲೆ 7130-4 ಅಂತ ಬರೆದದ್ದನ್ನು ನೋಡಿರಬಹುದು. 7 ಅಂದರೆ ವೇಟ್, 130 ಅಂದರೆ 13 ಅಡಿ 0 ಇಂಚು, 4 ಅಂದರೆ ನಾಲ್ಕು ತುಂಡು. 7126-4 ಅಂದರೆ 12 ಅಡಿ 6 ಇಂಚು. ಕೆಲವು ರಾಡ್‌ಗಳಲ್ಲಿ ಪಕ್ಕದಲ್ಲೇ 450–550 ಅಂತ ಗ್ರೇನ್ ಮಿತಿಯನ್ನೂ ಬರೆದಿರುತ್ತಾರೆ. ನಿಮ್ಮ ಹೆಡ್ ಆ ಮಿತಿಯ ಒಳಗೆ ಬಿದ್ದರೆ ಅರ್ಧ ಕೆಲಸ ಮುಗಿಯಿತು. ಬರೆದಿಲ್ಲದಿದ್ದರೆ ಕಂಪನಿಯ ಲೈನ್ ಪಟ್ಟಿ ನೋಡಿ. ಪ್ರತಿ ಮಾದರಿಗೆ ಎಷ್ಟು ಗ್ರೇನ್‌ನ ಸ್ಕ್ಯಾಜಿಟ್, ಎಷ್ಟರ ಸ್ಕ್ಯಾಂಡಿ ಅಂತ ಅಲ್ಲಿ ಸಿಗುತ್ತದೆ.

ಪೆಸಿಫಿಕ್ ಕಡೆಯ ಹೊಳೆಗಳಿಗೆ ನನ್ನ ಆಯ್ಕೆ 12 ಅಡಿ 6 ಇಂಚಿನಿಂದ 13 ಅಡಿಯ ಒಳಗಿನ 7 ವೇಟ್. 6 ವೇಟ್ ಬೇಸಿಗೆಗೆ ಖುಷಿ ಕೊಡುತ್ತದೆ, ಆದರೆ ಭಾರದ ಟಿಪ್, ದೊಡ್ಡ ಫ್ಲೈ ಬಂದಾಗ ಏದುಸಿರು ಬಿಡುತ್ತದೆ. 8 ವೇಟ್ ಚಳಿಗಾಲಕ್ಕೆ ಧಾರಾಳ, ಆದರೆ ಡಿಶೂಟ್ಸ್‌ನಲ್ಲಿ ಸಿಗುವ 5 ಪೌಂಡ್‌ನ ಬೇಸಿಗೆ ಮೀನಿಗೆ ಅತಿಯಾಯಿತು. ವರ್ಷದಲ್ಲಿ ಹೆಚ್ಚು ದಿನ ಸ್ಕೀನಾ, ಡೀನ್ ಥರದ ದೊಡ್ಡ ಮೀನಿನ ಹೊಳೆಗೆ ಹೋಗುವವರು ಮಾತ್ರ 8 ತೆಗೆದುಕೊಳ್ಳಿ. 14 ಅಡಿ ದಾಟಿದ ರಾಡ್‌ನಲ್ಲಿ ದೂರ ಸಿಗುತ್ತದೆ. ಆದರೆ ಸ್ಟೀಲ್‌ಹೆಡ್ ತುಂಬಾ ಸಲ ದಡಕ್ಕೆ ಹತ್ತಿರವೇ, ಮೊಣಕಾಲುದ್ದ ನೀರಿನ ಅಂಚಿನಲ್ಲೇ ನಿಂತಿರುತ್ತದೆ. ಹತ್ತಿರದ ನೀರಿಗೆ ಉದ್ದ ರಾಡ್ ತೊಡಕು.

ಒಂದು ಕೈಯ ರಾಡ್ ಕೊಳ್ಳುವವರಿಗೆ 10 ಅಡಿಯ 7 ಅಥವಾ 8 ವೇಟ್. ಗ್ರೇಟ್ ಲೇಕ್ಸ್‌ನ ಚಿಕ್ಕ ಹೊಳೆಗಳಲ್ಲಿ ತೇಲುವ ಗುಂಡು ಕಟ್ಟಿ, ಕೆಳಗೆ ಮೊಟ್ಟೆಯಂಥ ಫ್ಲೈ ಬಿಟ್ಟು ಮೀನು ಹಿಡಿಯುವವರಿಗೆ 7 ಸಾಕು. ಬೇರೆ ಮೀನಿಗೂ ಬಳಸುವ ಆಸೆ ಇದ್ದರೆ 8. ಸಿಯಾಟಲ್ ಬಳಿಯ ಸಮುದ್ರ ಕೊಲ್ಲಿ ಪ್ಯೂಜೆಟ್ ಸೌಂಡ್‌ಗೆ ಬೆಸ ವರ್ಷಗಳಲ್ಲಿ ರಾಶಿ ರಾಶಿ ಬರುವ ಪಿಂಕ್ ಸಾಲ್ಮನ್‌ಗೆ, ಕೋಹೋ ಸಾಲ್ಮನ್‌ಗೆ ಅದು ಹೊಂದುತ್ತದೆ. ಊರಿಗೆ ಹೋದಾಗ ಹಿಮಾಲಯದ ಕಡೆ ಮಹಶೀರ್ ಹಿಡಿಯಲು ಹೋಗುವವರೂ ಇದೇ 8 ವೇಟನ್ನು ಒಯ್ಯಬಹುದು. ಇದಕ್ಕೂ ಸುಮಾರು 300 ಗ್ರೇನ್‌ನ ಗಿಡ್ಡ ಸ್ಕ್ಯಾಜಿಟ್ ಹೆಡ್ ಸಿಗುತ್ತದೆ. ಮರಗಳ ಕೆಳಗೆ ನಿಂತೂ ಸ್ಪೇ ರೀತಿಯಲ್ಲಿ ಬೀಸಬಹುದು.

ಸ್ವಿಚ್ ರಾಡ್, ಅಂದರೆ 11 ಅಡಿ ಸುತ್ತಮುತ್ತದ್ದು, ಒಂದು ಕೈಗೂ ಎರಡು ಕೈಗೂ ಆಗುತ್ತದೆ ಅಂತ ಮಾರುತ್ತಾರೆ. ದಿನವಿಡೀ ಒಂದೇ ಕೈಯಲ್ಲಿ ಅದನ್ನು ಹಿಡಿದು ಬೀಸಿದರೆ ಮಣಿಕಟ್ಟು ನೋಯುತ್ತದೆ. ಗಿಡ್ಡದಾದ ಎರಡು ಕೈಯ ರಾಡ್ ಅಂತ ತಿಳಿದು ಕೊಂಡರೆ ಅದು ಒಳ್ಳೆಯ ರಾಡ್. ಮಧ್ಯಮ, ಚಿಕ್ಕ ಹೊಳೆಗಳಿಗೆ ಸೊಗಸಾಗಿ ನಡೆಯುತ್ತದೆ.

ಇನ್ನು ಬಾಗುವ ರೀತಿ. ತುದಿಯಲ್ಲಷ್ಟೇ ಬಾಗುವ ಬಿರುಸು ರಾಡ್ ಪಳಗಿದ ಕೈಗೆ, ಸ್ಕ್ಯಾಂಡಿ ಹೆಡ್‌ಗೆ ಸರಿ. ನಡುವಿನವರೆಗೂ ಬಾಗುವ ರಾಡ್ ಸ್ಕ್ಯಾಜಿಟ್‌ಗೆ ಒಳ್ಳೆಯದು. ಲೈನಿನ ಭಾರ ಹಿಡಿಕೆಯ ಹತ್ತಿರ ತುಂಬಿಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಅದು ಗೊತ್ತಾದರೆ ಯಾವಾಗ ಮುಂದಕ್ಕೆ ಬೀಸಬೇಕು ಅನ್ನುವುದೂ ತಾನಾಗಿ ಬರುತ್ತದೆ. ಮೊದಲ ರಾಡ್‌ಗೆ ನಡುವಿನವರೆಗೆ ಬಾಗುವುದನ್ನೇ ಕೇಳಿ.

ಹಂತ 5: ರೀಲ್

ರೀಲ್‌ಗೆ ಮೂರು ಕೆಲಸ: ಲೈನ್ ಹಿಡಿಸಬೇಕು, ರಾಡನ್ನು ತೂಗಿಸಬೇಕು, ಓಡುವ ಮೀನಿಗೆ ತಡೆ ಹಾಕಬೇಕು.

ಸ್ಕ್ಯಾಜಿಟ್ ಹೆಡ್ ದಪ್ಪ, ರೀಲ್‌ನಲ್ಲಿ ತುಂಬಾ ಜಾಗ ತಿನ್ನುತ್ತದೆ. ಹಾಗಾಗಿ 7 ವೇಟ್‌ನ ಸ್ಪೇ ರಾಡ್‌ಗೆ 7/8 ಅಂತ ಬರೆದ ರೀಲ್ ಸಾಲುವುದಿಲ್ಲ. 9/10 ಅಥವಾ ಅದಕ್ಕಿಂತ ಒಂದು ಗಾತ್ರ ದೊಡ್ಡದು ಬೇಕು. 30 ಪೌಂಡ್‌ನ ಡೇಕ್ರಾನ್ ಬ್ಯಾಕಿಂಗ್ ಕನಿಷ್ಠ 150 ಗಜ, ಅದರ ಮೇಲೆ ರನ್ನಿಂಗ್ ಲೈನ್, ಹೆಡ್ ಎಲ್ಲ ಸುತ್ತಿದ ಮೇಲೂ ಅಂಚಿಗೆ ಅರ್ಧ ಸೆಂಟಿಮೀಟರ್ ಜಾಗ ಉಳಿಯಬೇಕು. ಮೀನನ್ನು ಎಳೆಯುವ ಗಡಿಬಿಡಿಯಲ್ಲಿ ಲೈನ್ ಒಂದೇ ಕಡೆ ಗುಡ್ಡೆಯಾಗಿ ಸುತ್ತಿಕೊಳ್ಳುತ್ತದೆ. ಜಾಗ ಇಲ್ಲದಿದ್ದರೆ ಚೌಕಟ್ಟಿಗೆ ಉಜ್ಜಿ ನಿಂತುಬಿಡುತ್ತದೆ.

ಹಗುರ ರೀಲ್ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. 13 ಅಡಿಯ ರಾಡ್‌ನ ಮೂತಿ ಭಾರ. ಹಿಂದೆ 8ರಿಂದ 10 ಔನ್ಸ್‌ನ ರೀಲ್ ಇದ್ದರೆ ಸರಿತೂಗುತ್ತದೆ. ಅಂಗಡಿಯಲ್ಲೇ ನೋಡಬಹುದು: ರೀಲ್ ಸಿಕ್ಕಿಸಿ, ಮೇಲಿನ ಕೈ ಹಿಡಿಯುವ ಜಾಗದಲ್ಲಿ ಒಂದೇ ಬೆರಳ ಮೇಲೆ ರಾಡ್ ಇಡಿ. ತೂಗಿ ನಿಂತರೆ ಸರಿ. ಮೂತಿ ಕೆಳಗೆ ಬಾಗಿದರೆ ಸ್ವಿಂಗ್ ಆಗುವಷ್ಟೂ ಹೊತ್ತು ಆ ಭಾರವನ್ನು ನಿಮ್ಮ ಮೇಲಿನ ತೋಳು ಹೊರಬೇಕು.

ತಡೆಯಲ್ಲಿ (ಡ್ರ್ಯಾಗ್) ಎರಡು ಬಗೆ. ಕ್ಲಿಕ್ ಪಾಲ್ ಹಳೆಯ ರೀತಿ. ಹಲ್ಲು ಚಕ್ರಕ್ಕೆ ಒಂದು ನಾಲಿಗೆ ತಾಗಿ ಕರಕರ ಸದ್ದು ಮಾಡುತ್ತದೆ. ಉಳಿದ ತಡೆಯನ್ನು ಅಂಗೈಯಿಂದ ಅಂಚಿಗೆ ಒತ್ತಿ ನೀವೇ ಕೊಡಬೇಕು. ಆ ಸದ್ದಿಗೆ ಮನಸೋತವರು ಬೇರೆ ರೀಲ್ ಮುಟ್ಟುವುದಿಲ್ಲ. ಆದರೆ ಒಂದೇ ರೀಲ್ ಕೊಳ್ಳುವವರಿಗೆ ಮುಚ್ಚಿದ ಡಿಸ್ಕ್ ಡ್ರ್ಯಾಗ್ ಇರಲಿ. ಹೋ, ಸಾಕ್ ಹೊಳೆಗಳಲ್ಲಿ ಹಿಮನದಿಯ ನುಣ್ಣನೆ ಹೂಳು ಬರುತ್ತದೆ. ರೀಲನ್ನು ನೀರಲ್ಲಿ ಅದ್ದಿ, ಮರಳಲ್ಲಿ ಇಟ್ಟು ಮಾಡಿದಾಗ ತೆರೆದ ಯಂತ್ರಕ್ಕೆ ಅದು ಸೇರಿಕೊಳ್ಳುತ್ತದೆ. ಡ್ರ್ಯಾಗ್ ಎಷ್ಟು ಬಲವಾಗಿದೆ ಅನ್ನುವುದಕ್ಕಿಂತ ಎಷ್ಟು ನಯವಾಗಿ ಶುರುವಾಗುತ್ತದೆ ಅನ್ನುವುದನ್ನು ನೋಡಿ. ಲೈನ್ ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಮೊದಲು ಬಿಗಿ ಹಿಡಿದು ಆಮೇಲೆ ಗಕ್ಕನೆ ಬಿಟ್ಟರೆ ಆ ರೀಲ್ ಬೇಡ. ಆ ಒಂದು ಗಕ್ಕಿಗೇ ಲೀಡರ್ ತುಂಡಾಗುತ್ತದೆ.

ಹಂತ 6: ಜೋಡಿಸುವುದು

ಬ್ಯಾಕಿಂಗನ್ನು ಆರ್ಬರ್ ಗಂಟಿನಿಂದ ರೀಲ್‌ಗೆ ಕಟ್ಟಿ, ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದರೆ ಮೀನು ಓಡುವಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ. ಬ್ಯಾಕಿಂಗ್‌ನ ಹೊರ ತುದಿಯಲ್ಲಿ ದೊಡ್ಡ ಕುಣಿಕೆ ಮಾಡಿ, ರನ್ನಿಂಗ್ ಲೈನ್ ಸುತ್ತಿದ ಸುರುಳಿ ಅದರೊಳಗೆ ತೂರುವಷ್ಟು. ರನ್ನಿಂಗ್ ಲೈನ್ ಹಾಳಾದಾಗ ಗಂಟು ಕತ್ತರಿಸದೆ ಬದಲಿಸಬಹುದು. ಹೆಡ್ ಕಡೆಗೂ ಹೀಗೇ.

ಕುಣಿಕೆ ಸೇರಿಸುವಾಗ ಕಣ್ಣಿಟ್ಟು ನೋಡಿ. ಎರಡೂ ಕುಣಿಕೆ ಒಂದನ್ನೊಂದು ಕೈಕುಲುಕಿದ ಹಾಗೆ ಚೌಕವಾಗಿ ಕೂರಬೇಕು. ಒಂದು ಮಡಚಿಕೊಂಡು ಇನ್ನೊಂದರ ಕತ್ತು ಹಿಸುಕಿದ್ದರೆ ಬಿಚ್ಚಿ ಮತ್ತೆ ಹಾಕಿ. ಹಾಗೇ ಬಿಟ್ಟರೆ ಲೇಪನ ಕೊಯ್ದುಹೋಗುತ್ತದೆ.

ರಾಡ್‌ನ ತುಂಡುಗಳ ಕೀಲಿಗೆ ಎಲೆಕ್ಟ್ರಿಕಲ್ ಟೇಪ್ ಸುತ್ತುವುದನ್ನು ಮರೆಯಬೇಡಿ. ಸ್ಪೇ ಬೀಸುವಾಗ ರಾಡ್ ತಿರುಚುತ್ತದೆ, ಕೀಲು ನಿಧಾನವಾಗಿ ಸಡಿಲವಾಗುತ್ತದೆ. ಸಡಿಲವಾದ ಕೀಲಿನಲ್ಲೇ ರಾಡ್ ಮುರಿಯುವುದು ಜಾಸ್ತಿ.

ಡಬ್ಬ ಕಳೆದುಹೋದ ಹಳೆಯ ಹೆಡ್ ಸಿಕ್ಕಿತು, ಎಷ್ಟು ಗ್ರೇನ್ ಗೊತ್ತಿಲ್ಲ ಅನ್ನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಡಿ. 33 ಗ್ರಾಂ ತೋರಿಸಿದರೆ 15.43ರಿಂದ ಗುಣಿಸಿ, ಸುಮಾರು 509 ಗ್ರೇನ್. ನಿಮ್ಮ 7 ವೇಟ್‌ಗೆ ಹೇಳಿ ಮಾಡಿಸಿದ್ದು.

ಹಂತ 7: ಕೊಳ್ಳುವ ಮೊದಲು ನೀರಿನಲ್ಲಿ ನೋಡಿ

ಅಂಗಡಿಯ ಒಳಗೆ ರಾಡ್ ಅಲ್ಲಾಡಿಸಿದರೆ ಏನೂ ತಿಳಿಯುವುದಿಲ್ಲ. ಒಳ್ಳೆಯ ಫ್ಲೈ ಅಂಗಡಿಗಳು ಪರೀಕ್ಷೆಗೆ ರಾಡ್ ಕೊಡುತ್ತವೆ. ಕೆಲವು ಕಡೆ ಹೊಳೆಯ ದಡದಲ್ಲಿ ಸ್ಪೇ ಕಲಿಸುವ ದಿನಗಳೂ ಇರುತ್ತವೆ. ಕೇಳಲು ಸಂಕೋಚ ಬೇಡ. ಹೊಳೆಗೆ ಹೋದಾಗ ನಿಮ್ಮದೇ ಲೈನ್, ನಿಮ್ಮದೇ ಟಿಪ್ ಹಾಕಿ ಬೀಸಿ. ಹೆಡ್ ಗಾಳಿಯಲ್ಲಿ ಕುಸಿದು ಬೀಳುತ್ತಿದ್ದರೆ, ರಾಡ್ ಮರದ ಹಲಗೆಯಂತೆ ಬಿರುಸಾಗಿದ್ದರೆ 25 ಗ್ರೇನ್ ಭಾರದ ಹೆಡ್ ಬೇಕು. ರಾಡ್ ಬಾಗಿದ್ದು ಬೇಗ ಏಳುತ್ತಿಲ್ಲ, ಲೈನ್ ನೀರಿಗೆ ಗುದ್ದುತ್ತಿದೆ ಅಂದರೆ 25 ಗ್ರೇನ್ ಇಳಿಸಿ. ರಾಡ್ ಬದಲಿಸುವ ಯೋಚನೆ ಇದಾದ ಮೇಲೆ.

ದುಡ್ಡಿನ ಲೆಕ್ಕ

ಅಮೆರಿಕದಲ್ಲಿ ಒಂದು ಸಾಧಾರಣ ಸ್ಪೇ ರಾಡ್ ಸುಮಾರು 300 ಡಾಲರ್ ಆಸುಪಾಸಿನಿಂದ ಸಿಗುತ್ತದೆ. ಹೆಸರಾಂತ ಕಂಪನಿಗಳದ್ದು 1,000 ಡಾಲರ್ ದಾಟುತ್ತದೆ. ಬೇನ್‌ಬ್ರಿಜ್ ದ್ವೀಪದ ಸೇಜ್, ವಾಶೂಗಲ್‌ನ ಬರ್ಕ್‌ಹೈಮರ್ ಇವೆಲ್ಲ ಈ ನೆಲದಲ್ಲೇ ತಯಾರಾಗುವ ಒಳ್ಳೆಯ ರಾಡ್‌ಗಳು. ಎಕೋ, ರೆಡಿಂಗ್‌ಟನ್, ಟಿಎಫ್‌ಒ ಕಡಿಮೆ ಬೆಲೆಯವು. ದುಡ್ಡು ಮಿತಿ ಇದ್ದರೆ ಎಲ್ಲಿ ಉಳಿಸಬೇಕು ಅಂತ ಕೇಳುತ್ತೀರಲ್ವಾ? ರಾಡ್‌ನಲ್ಲಿ ಉಳಿಸಿ, ರೀಲ್‌ನಲ್ಲಿ ಉಳಿಸಿ, ಲೈನ್‌ನಲ್ಲಿ ಉಳಿಸಬೇಡಿ. 300 ಡಾಲರ್‌ನ ರಾಡ್‌ಗೆ ಸರಿಯಾದ ಹೆಡ್ ಹಾಕಿದರೆ, ತಪ್ಪು ಹೆಡ್ ಹಾಕಿದ 1,000 ಡಾಲರ್‌ನ ರಾಡ್‌ಗಿಂತ ಚೆನ್ನಾಗಿ ಬೀಸುತ್ತದೆ. ಉಳಿದ ದುಡ್ಡಲ್ಲಿ ಒಂದು ದಿನ ಗುರುವಿನ ಹತ್ತಿರ ಸ್ಪೇ ಕಲಿಯಿರಿ. ಯಾವ ಸಲಕರಣೆಗಿಂತಲೂ ಅದು ಹೆಚ್ಚು ಕೊಡುತ್ತದೆ. ಹಳೆಯ ರಾಡ್ ಕೊಳ್ಳುವುದಾದರೆ ಗ್ಯಾರಂಟಿ ಎರಡನೇ ಮಾಲೀಕರಿಗೂ ಸಲ್ಲುತ್ತದೆಯೇ ಅಂತ ಮೊದಲೇ ವಿಚಾರಿಸಿ.

ಮೀನಿನ ಜೀವಕ್ಕಾಗಿ ಆರಿಸುವುದು

ಸಲಕರಣೆ ಗಟ್ಟಿ ಇರಲಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಮೆರಿಕದ ಅಪಾಯದಂಚಿನ ಜೀವಿಗಳ ಕಾಯ್ದೆಯ ಪಟ್ಟಿಯಲ್ಲಿದೆ. ಹೊಳೆಯಲ್ಲೇ ಹುಟ್ಟಿದ ಕಾಡು ಮೀನನ್ನು ವಾಪಸ್ ಬಿಡಲೇಬೇಕು. ಮರಿ ಸಾಕಣೆ ಕೇಂದ್ರದ ಮೀನಿಗೆ ಬೆನ್ನ ಹಿಂದಿನ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಅದು ಇದ್ದರೆ ಕಾಡು ಮೀನು. ತೀರಾ ಹಗುರ ರಾಡ್, ಸಪೂರ ಲೀಡರ್ ಹಾಕಿ ಅರ್ಧ ಗಂಟೆ ಆಟವಾಡಿಸಿದರೆ ಮೀನು ಸುಸ್ತಾಗಿ, ಬಿಟ್ಟ ಮೇಲೂ ಸಾಯಬಹುದು. 7 ವೇಟ್, 12 ಪೌಂಡ್ ಲೀಡರ್ ಇದ್ದರೆ ಮೀನನ್ನು ಬೇಗ ದಡದ ಹತ್ತಿರ ತಂದು, ನೀರಿನಿಂದ ಎತ್ತದೆ ಕೊಕ್ಕೆ ತೆಗೆದು ಬಿಡಬಹುದು. ಮುಳ್ಳಿಲ್ಲದ ಒಂಟಿ ಕೊಕ್ಕೆಯನ್ನೇ ಕಟ್ಟಿ. ಹಲವು ಹೊಳೆಗಳಲ್ಲಿ ಅದು ಕಾನೂನು ಕೂಡ. ಬೇಸಿಗೆಯಲ್ಲಿ ನೀರು 68 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಆವತ್ತಿಗೆ ಬೀಸುವುದನ್ನು ನಿಲ್ಲಿಸಿ. ಬಿಸಿ ನೀರಿನಲ್ಲಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ.

ಪರವಾನಗಿ ತೆಗೆದುಕೊಳ್ಳುವಾಗ ರಾಜ್ಯದ ಮೀನುಗಾರಿಕೆ ಇಲಾಖೆಯ ಆ ವರ್ಷದ ನಿಯಮವನ್ನೂ ಓದಿ. ಹೊರಡುವ ಹಿಂದಿನ ರಾತ್ರಿ ತುರ್ತು ಬದಲಾವಣೆಗಳನ್ನು ಮತ್ತೊಮ್ಮೆ ನೋಡಿ. ಮರಳುವ ಮೀನಿನ ಎಣಿಕೆ ಕಡಿಮೆಯಾದರೆ ಋತುವಿನ ನಡುವೆಯೇ ಹೊಳೆ ಮುಚ್ಚುತ್ತಾರೆ.

ಮನೆಗೆ ಬಂದ ಮೇಲೆ ಹೆಡ್, ಟಿಪ್ ಎಲ್ಲವನ್ನೂ ಬೆಚ್ಚನೆ ನೀರು, ಸ್ವಲ್ಪ ಸೋಪಿನಲ್ಲಿ ಒರೆಸಿ ಒಣಗಿಸಿ. ಟೇಪ್ ಬಿಚ್ಚಿ ಅಂಟು ಒರೆಸಿ. ಒದ್ದೆ ರಾಡನ್ನು ಚೀಲದಲ್ಲಿ ಮುಚ್ಚಿಡಬೇಡಿ. ರೀಲಿನ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿ ಇಡಿ. ಲೀಡರನ್ನು ಬೆರಳ ನಡುವೆ ಎಳೆದು ನೋಡಿ. ಎಲ್ಲಾದರೂ ತರಿ ತಾಗಿದರೆ ಆಗಲೇ ಕತ್ತರಿಸಿ ಹೊಸದು ಕಟ್ಟಿ.